ಕಾಲುಸೇತುವೆ ಹತ್ತಿದ ಟ್ಯಾಂಕರ್

ರಗಳೆ ಶುರುವಾದದ್ದು ಒಂದು ಬೆಡ್‌ಶೀಟಿನಿಂದ. ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಅಜ್ಜಿ ತಾರಸಿಯಲ್ಲಿ ಒಣಹಾಕಿದ್ದ ಹೊಚ್ಚಹೊಸ ಹೂವಿನ ಬೆಡ್‌ಶೀಟು ಗಾಳಿಗೆ ಹಾರಿತು. ಹಾರಿದ್ದು ತಪ್ಪಲ್ಲ, ಒಣಹಾಕಿದ ಬಟ್ಟೆ ಎಂದಮೇಲೆ ಹಾರಲೇಬೇಕು. ಆದರೆ ಅದು ಹೋಗಿ ಸಿಕ್ಕಿಕೊಂಡದ್ದು ಮೂಲೆಯಲ್ಲಿದ್ದ ಆಂಟೆನಾ ಕಂಬಕ್ಕೆ. ಅಜ್ಜಿ ಎಳೆದರು, ಕಂಬ ಬಿಡಲಿಲ್ಲ. ಅಜ್ಜಿ ಇನ್ನೂ ಜೋರಾಗಿ ಎಳೆದರು. ಪರ್ರೆಂದು ಒಂದು ಬೆಡ್‌ಶೀಟು ಎರಡು ಟವೆಲ್ಲಾಯಿತು.

ಕಂಬ ನಾಲ್ಕನೇ ಮಹಡಿಯವನದು. ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದು ಅವನಿಗಿತ್ತು, ಆದರೆ ಆ ಕಟ್ಟಡದಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಆಂಟೆನಾ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಉಳಿದ ಹೊತ್ತೆಲ್ಲ ಹ್ಯಾಮ್ ರೇಡಿಯೋ. ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ತಾರಸಿಯ ಮೆಟ್ಟಿಲು ಮುಗಿಯುವಲ್ಲಿದ್ದ ಪುಟ್ಟ ಕೋಣೆಯಲ್ಲಿ ಯಂತ್ರಗಳನ್ನು ಜೋಡಿಸಿಕೊಂಡಿದ್ದ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದಿಷ್ಟು, ಸಂಜೆ ಬಂದಮೇಲೆ ಒಂದಿಷ್ಟು, ಮುಖ ನೋಡದ ಯಾರು ಯಾರೊಡನೆಯೋ ಹರಟೆ. ಹರಟೆಯಾದರೂ ಏನು ಮಹಾ? "ನನ್ನ ದನಿ ಕೇಳಿಸ್ತಿದೆಯಾ?" "ಕೇಳಿಸ್ತಿದೆ, ನನ್ನದು?" "ಕೇಳಿಸ್ತಿದೆ." ಇಷ್ಟೇ. ಇಷ್ಟಕ್ಕೇ ಅವನ ಮುಖ ಊರಗಲ ಆಗುತ್ತಿತ್ತು. "ಒಂದೇ ಮನೇಲಿರೋ ನನ್ನ ದನಿ ಮಾತ್ರ ಈ ಮನುಷ್ಯಂಗೆ ಕೇಳಿಸಲ್ಲ" ಎಂದು ಗೊಣಗಿ ಗೊಣಗಿ ಸಾಕಾಗಿ, ಅವನ ಹೆಂಡತಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು.

ಅಜ್ಜಿಯ ಕೂಗಿಗೆ ಮೊದಲು ಓಡಿ ಬಂದದ್ದು ಕಟ್ಟಡದ ಸಂಘದ ಸೆಕ್ರೆಟರಿ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಬೇರೆಯವರು ಕೊಡುವ ತೀರ್ಪನ್ನು ಕೇಳಿ ಕೇಳಿ, ತಾವೂ ಒಂದೆರಡು ತೀರ್ಪು ಕೊಡದೆ ಸಾಯಬಾರದು ಎಂಬ ಹಟ ಅವರಿಗೆ. ಅವರ ಹಿಂದೆಯೇ ಎರಡನೇ ಮಹಡಿಯ ಇನ್ಶೂರೆನ್ಸ್ ಏಜೆಂಟ್ ಬಂದ. ಎಲ್ಲಿ ನಾಲ್ಕು ಜನ ಸೇರಿದರೂ ಅವನು ಐದನೆಯವನು.

"ನೋಡ್ರಪ್ಪಾ, ನೋಡಿ!" ಅಜ್ಜಿ ಎರಡೂ ತುಂಡುಗಳನ್ನು ಎತ್ತಿ ಹಿಡಿದರು. "ಒಂದು ದಿನ ಹಾಸಿಲ್ಲ. ಈ ಕಂಬಕ್ಕೆ ಕಣ್ಣು ಬೇಡ್ವೇ?"

"ಕಂಬಕ್ಕೆ ಕಣ್ಣಿರಲ್ಲ ಅಜ್ಜಿ" ಎಂದ ಆಂಟೆನಾ, ಕೋಣೆಯಿಂದ ಹೊರಬಂದು, ಮೆಲ್ಲಗೆ.

"ಎದುರುತ್ತರ ಬೇರೆ!"

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಇಲ್ಲಿ ಕೇಳ್ರೀ. ಈ ಕಂಬದಿಂದ ಈ ಕಟ್ಟಡಕ್ಕೆ ನಯಾಪೈಸೆ ಉಪಯೋಗ ಇದೆಯಾ? ಇಲ್ಲ. ತೊಂದರೆ ಇದೆಯಾ? ಇದೆ. ಇವತ್ತು ಸಾಯಂಕಾಲ ಇದು ಇಳೀಬೇಕು. ಇಷ್ಟೇ."

ಆಂಟೆನಾ ಕಂಬಕ್ಕೆ ಅಡ್ಡ ಬಂದು ನಿಂತ. ಆ ಕಂಬವನ್ನು ಅವನೇ ಅಳತೆ ನೋಡಿ, ಕಡ್ಡಿ ಕಡ್ಡಿ ಜೋಡಿಸಿ ನಿಲ್ಲಿಸಿದ್ದ. ಅದಿಲ್ಲದಿದ್ದರೆ ಅವನ ರೇಡಿಯೋ ಬರೀ ಡಬ್ಬ. ಏನಾದರೂ ಹೇಳಬೇಕು, ಈಗಲೇ ಹೇಳಬೇಕು. ಅಷ್ಟು ಹೊತ್ತಿಗೆ ಕೆಳಗಡೆ ನೀರಿನ ಟ್ಯಾಂಕರು ಬೆಳಗಿನ ಲೋಡು ಸುರಿಯುವ ಸದ್ದು ಕೇಳಿತು. ಆ ಬಡಾವಣೆಗೆ ನಗರಸಭೆಯ ನೀರಿಲ್ಲ; ಬೆಳಿಗ್ಗೆ ಒಂದು ಟ್ಯಾಂಕರು, ಸಂಜೆ ಒಂದು. ಬೆಳಗಿನದು ಹೇಗೋ ಬಂದುಬಿಡುತ್ತಿತ್ತು. ಸಂಜೆಯದು ಮಾತ್ರ ದೇವರಿಗೇ ಪ್ರೀತಿ. ಯಾವಾಗ ಫೋನ್ ಮಾಡಿದರೂ ಡ್ರೈವರು "ಹತ್ರಾನೇ ಇದ್ದೀನಿ ಸಾರ್" ಎನ್ನುತ್ತಿದ್ದ. ಎಲ್ಲಿಗೆ ಹತ್ತಿರ ಎಂದು ಕೇಳಿದವರು ಯಾರೂ ಇರಲಿಲ್ಲ.

"ಉಪಯೋಗ ಇದೆ ಸಾರ್!" ಆಂಟೆನಾ ಕೂಗಿಯೇಬಿಟ್ಟ. "ಟ್ಯಾಂಕರ್ ಎಲ್ಲಿದೆ ಅಂತ ಈ ಕಂಬ ಹೇಳುತ್ತೆ!"

ಎಲ್ಲರ ಕಿವಿ ನೆಟ್ಟಗಾಯಿತು. ಅಜ್ಜಿ ಕೂಡ ಬೆಡ್‌ಶೀಟು ಇಳಿಸಿದರು.

"ಹೇಗೆ ಹೇಳುತ್ತೆ? ಬಾಯಿದೆಯಾ?" ಎಂದ ಏಜೆಂಟ್.

ಆಂಟೆನಾ ಕೋಣೆಗೆ ಓಡಿ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದ. ಅದರ ತಲೆಯ ಮೇಲೊಂದು ಮೋಟು ಬಾಲ. "ನೋಡಿ, ಇದು ಉಪಗ್ರಹದ ಲೆಕ್ಕದಿಂದ ತಾನೆಲ್ಲಿದ್ದೀನಿ ಅಂತ ತಿಳ್ಕೊಳ್ಳುತ್ತೆ. ನಿಮಿಷಕ್ಕೊಂದು ಸಲ 'ನಾನಿಲ್ಲಿದ್ದೀನಿ, ನಾನಿಲ್ಲಿದ್ದೀನಿ' ಅಂತ ರೇಡಿಯೋದಲ್ಲಿ ಕೂಗುತ್ತೆ. ನಮ್ಮ ಕಂಬ ಅದನ್ನ ಕೇಳಿಸ್ಕೊಳ್ಳುತ್ತೆ. ಕಂಪ್ಯೂಟರು ಮ್ಯಾಪಿನ ಮೇಲೆ ಚಿತ್ರ ಹಾಕಿ ತೋರಿಸುತ್ತೆ. ಇದನ್ನ ಟ್ಯಾಂಕರಲ್ಲಿ ಇಟ್ರೆ ಮುಗೀತು. ಆ ಡ್ರೈವರ್ ಎಲ್ಲಿ ಟೀ ಕುಡೀತಾನೆ, ಎಲ್ಲಿ ನಿದ್ದೆ ಹೊಡೀತಾನೆ, ಎಲ್ಲಾ ಇಲ್ಲೇ ಕೂತು ನೋಡಬಹುದು."

ಬೇರೆಯವರು ಎಲ್ಲಿ ನಿದ್ದೆ ಹೊಡೆಯುತ್ತಾರೆ ಎಂಬುದನ್ನು ಇದ್ದಲ್ಲೇ ಕೂತು ನೋಡುವುದಕ್ಕಿಂತ ದೊಡ್ಡ ಸುಖ ಇನ್ನೇನಿದೆ? ಸೆಕ್ರೆಟರಿಯ ಮೀಸೆಯ ತುದಿ ಅಲುಗಿತು. "ಸರಿ. ಸಂಜೆವರೆಗೂ ಟೈಮ್. ಇದು ಹೇಳಿದ ಹಾಗೆ ಟ್ಯಾಂಕರ್ ಬಂದ್ರೆ ಕಂಬ ಉಳೀತು. ಇಲ್ಲಾಂದ್ರೆ ಸ್ಪ್ಯಾನರ್ ನನ್ನ ಹತ್ರ ಇದೆ."

ಆಂಟೆನಾ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ಡ್ರೈವರು ಪೈಪು ಸುತ್ತುತ್ತಿದ್ದ.

"ಅಣ್ಣಾ, ಇದೊಂದು ನಿಮ್ಮ ಲಾರಿಯಲ್ಲಿರಲಿ. ಸಣ್ಣ ರೇಡಿಯೋ ಪರೀಕ್ಷೆ. ಸಾಯಂಕಾಲ ಬರುವಾಗ ಹುಷಾರಾಗಿ ವಾಪಸ್ ತಂದುಕೊಡಿ, ತುಂಬಾ ನಾಜೂಕಿನ ಸಾಮಾನು."

"ಅದಕ್ಕೇನಂತೆ ಸಾರ್" ಎಂದ ಡ್ರೈವರು. ಪೆಟ್ಟಿಗೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಗಾಜಿನ ಮುಂದೆ ಇಟ್ಟ. "ಏನೇ ಆಗ್ಲಿ, ಸಾಯಂಕಾಲದೊಳಗೆ ನಿಮ್ಮ ಸಾಮಾನು ನಿಮ್ಮ ಕೈಲಿರುತ್ತೆ. ಮಾತು ಅಂದ್ರೆ ಮಾತು."

ಆಂಟೆನಾ ಮೇಲೆ ಬಂದು ಕಂಪ್ಯೂಟರಿನ ಮುಂದೆ ಕೂತ. ಮ್ಯಾಪಿನ ಮೇಲೆ ಪೆಟ್ಟಿಗೆ ಇರುವ ಜಾಗದಲ್ಲಿ ಯಾವ ಚಿತ್ರ ಕಾಣಬೇಕು ಎಂದು ಆರಿಸಿಕೊಳ್ಳುವ ಸೌಕರ್ಯವಿತ್ತು. ಕಾರು, ಸೈಕಲ್ಲು, ದೋಣಿ, ಬಲೂನು, ನಾಯಿ, ನಡೆಯುವ ಮನುಷ್ಯ, ಏನು ಬೇಕೋ ಅದು. ಅವನು ಒಳ್ಳೆಯದೊಂದು ಲಾರಿ ಆರಿಸಿದ. ಕೆಂಪು ಲಾರಿ. ನೋಡುವವರಿಗೆ ಒಂದು ಗತ್ತಿರಲಿ ಎಂದು ಅದನ್ನು ದೊಡ್ಡದಾಗಿಯೂ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಆ ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಸುಮ್ಮನೆ ಇಣುಕಿ ಹೋಗುತ್ತೇನೆಂದು ಬಂದವರೆಲ್ಲ ಕುರ್ಚಿ ತಂದು ಕೂತರು. ಕೆಂಪು ಲಾರಿ ಊರಾಚೆಯ ನೀರು ತುಂಬುವ ಜಾಗಕ್ಕೆ ಹೋದಾಗ ಎಲ್ಲರೂ "ಹೋ!" ಎಂದರು. ಅಲ್ಲಿಂದ ಹೊರಟಾಗ "ಹೊರಡ್ತು, ಹೊರಡ್ತು!" ಎಂದರು. ಇಷ್ಟು ವರ್ಷ ಆಂಟೆನಾ ಯಾರನ್ನು ಕರೆದು ತೋರಿಸಿದರೂ ಆಕಳಿಸಿ ಎದ್ದು ಹೋಗುತ್ತಿದ್ದವರು, ಈಗ ಒಬ್ಬರ ಭುಜದ ಮೇಲೆ ಒಬ್ಬರು ಗದ್ದ ಇಟ್ಟು ನೋಡುತ್ತಿದ್ದರು. ಅವನಿಗೆ ಖುಷಿಯಲ್ಲಿ ಊಟದ ನೆನಪೂ ಆಗಲಿಲ್ಲ.

"ಡ್ರೈವರ್‌ಗೆ ಒಂದು ಫೋನ್ ಹಾಕ್ಲಾ?" ಎಂದ ಏಜೆಂಟ್, ಅಭ್ಯಾಸಬಲದಿಂದ.

"ಯಾಕ್ರೀ ಫೋನು? ಅವನು ಸುಳ್ಳು ಹೇಳ್ತಾನೆ. ಕಂಬ ಸುಳ್ಳು ಹೇಳಲ್ಲ" ಎಂದ ಆಂಟೆನಾ. ಅದೇ ಹೊತ್ತಿಗೆ ಸೆಕ್ರೆಟರಿಯ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. "ಯಾರೋ ಸಾಲ ಬೇಕಾ ಅಂತ ಕೇಳೋರು" ಎಂದು ಅವರು ಕತ್ತರಿಸಿದರು. ಅದು ಇನ್ನೂ ಎರಡು ಸಲ ಬಡಿದುಕೊಂಡಿತು, ಅವರು ಇನ್ನೂ ಎರಡು ಸಲ ಕತ್ತರಿಸಿ ಫೋನನ್ನೇ ಆಫ್ ಮಾಡಿದರು.

ಆ ಹೊತ್ತಿಗಾಗಲೇ ಲಾರಿ ರೈಲು ಹಳಿಯ ಆಚೆ ಒಂದು ಕಡೆ ನಿಂತಿತ್ತು. ನಿಂತೇ ನಿಂತಿತು.

"ನಿದ್ದೆ" ಎಂದರು ಸೆಕ್ರೆಟರಿ, ತೀರ್ಪಿನ ದನಿಯಲ್ಲಿ.

"ತಿಂದು ಮಲಗಿದಾನೆ" ಎಂದರು ಅಜ್ಜಿ. "ಅಲ್ಲಾ, ಬೆಡ್‌ಶೀಟು ಹಾಸ್ಕೊಂಡು ಮಲಗೋಕೆ ಅವನಿಗೇನು ಕೊರತೆ. ಕೊರತೆ ಎಲ್ಲಾ ನನಗೆ."

ಆಮೇಲೆ ಲಾರಿ ಅಲುಗಿತು. ಎಲ್ಲರೂ ಕುರ್ಚಿಯ ತುದಿಗೆ ಬಂದರು. ಅದು ಮುಖ್ಯರಸ್ತೆ ಹಿಡಿದು ಬರುವ ಬದಲು ಎಡಕ್ಕೆ ಹೊರಳಿ, ನೇರವಾಗಿ ಪಾರ್ಕಿನೊಳಗೆ ನುಗ್ಗಿತು.

"ಏ! ಏ! ಪಾರ್ಕ್ ಅದು!" ಏಜೆಂಟ್ ಎದ್ದು ನಿಂತ.

"ಹುಲ್ಲಿನ ಮೇಲೆ ಲಾರಿ!"

"ನಮ್ಮ ನೀರಲ್ಲಿ ಗಿಡಕ್ಕೆ ನೀರು ಹಾಕ್ತಿದಾನೆ ಕಣ್ರೀ!"

ಆಂಟೆನಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮ್ಯಾಪಿನಲ್ಲಿ ಕೆಂಪು ಲಾರಿ ಕಾರಂಜಿಯ ಪಕ್ಕದಲ್ಲಿ, ಮಕ್ಕಳು ಆಡುವ ಜಾರುಬಂಡೆಯ ಹತ್ತಿರ ಠೀವಿಯಿಂದ ಹಾದು ಹೋಗುತ್ತಿತ್ತು. "ಸ್ವಲ್ಪ ಆಚೀಚೆ ಆಗುತ್ತೆ ಸಾರ್. ಉಪಗ್ರಹದ ಲೆಕ್ಕದಲ್ಲಿ ಒಂದೊಂದ್ಸಲ ವ್ಯತ್ಯಾಸ ಬರುತ್ತೆ" ಎಂದ. ಹೇಳುವಾಗ ಅವನಿಗೇ ನಂಬಿಕೆ ಇರಲಿಲ್ಲ. ಅಷ್ಟು ದೊಡ್ಡ ವ್ಯತ್ಯಾಸ ಅವನು ಎಂದೂ ಕಂಡಿರಲಿಲ್ಲ, ಮತ್ತು ಅದೇನೆಂದು ತಿಳಿಯುವ ಕುತೂಹಲ ಅವನ ತಲೆಯಲ್ಲಿ ಜೇನುಹುಳದಂತೆ ಗುಂಯ್‌ಗುಡತೊಡಗಿತು.

ಪಾರ್ಕು ದಾಟಿದ ಲಾರಿ ಒಂದು ಬೀದಿ ಹಿಡಿಯಿತು. ಒಂದು ಮನೆಯ ಮುಂದೆ ನಿಂತಿತು, ಹೊರಟಿತು. ಎರಡು ಮನೆ ಬಿಟ್ಟು ಮತ್ತೆ ನಿಂತಿತು. ಮತ್ತೆ ಹೊರಟಿತು.

"ಮಾರ್ತಿದಾನೆ!" ಏಜೆಂಟ್ ತೊಡೆ ತಟ್ಟಿಕೊಂಡ. "ಬಿಂದಿಗೆ ಲೆಕ್ಕದಲ್ಲಿ ಮನೆ ಮನೆಗೂ ಮಾರ್ತಿದಾನೆ ಕಳ್ಳ! ಇಲ್ಲಿಗೆ ಬರೋ ಹೊತ್ತಿಗೆ ಟ್ಯಾಂಕರಲ್ಲಿ ಏನ್ ಉಳಿಯುತ್ತೆ, ಗಾಳಿ!"

"ತಡೀರಿ, ಈ ಮನೆ..." ಅಜ್ಜಿ ಮೂಗನ್ನು ಪರದೆಗೆ ತಾಗಿಸಿದರು. "ಸೆಕ್ರೆಟರಿಗಳೇ, ಮೂಲೆ ಮನೆ, ಹಳದಿ ಗೇಟು. ಇದು ನಿಮ್ಮ ಮಗಳ ಮನೆ ಅಲ್ವೇ?"

ಲಾರಿ ಆ ಮನೆಯ ಮುಂದೆ ಉಳಿದೆಲ್ಲ ಮನೆಗಳಿಗಿಂತ ಹೆಚ್ಚು ಹೊತ್ತು ನಿಂತಿತ್ತು. ಎಲ್ಲರೂ ಮ್ಯಾಪು ಬಿಟ್ಟು ಸೆಕ್ರೆಟರಿಯ ಮುಖ ನೋಡತೊಡಗಿದರು. ಸೆಕ್ರೆಟರಿ ಬೆವರಿದರು. "ಹಾಗೆಲ್ಲ ನೋಡಬೇಡಿ. ಈಗಲೇ ಕೇಳ್ತೀನಿ" ಎಂದು ಫೋನು ಆನ್ ಮಾಡಿ ಮಗಳಿಗೆ ಹಚ್ಚಿದರು. ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಬೇರೆ ಹಾಕಿದರು.

"ಏನಮ್ಮಾ, ಮನೆ ಮುಂದೆ ನೀರಿನ ಟ್ಯಾಂಕರ್ ನಿಂತಿದೆಯಾ?"

"ಇಲ್ವಲ್ಲಪ್ಪಾ. ಯಾವ ಟ್ಯಾಂಕರು? ಲಾಂಡ್ರಿಯವನು ಬಂದಿದಾನೆ. ನಿಮ್ಮ ಅಳಿಯಂದು ಪ್ಯಾಂಟ್ ಒಂದು ಸಿಕ್ತಿಲ್ಲ ಅಂತ ಜಗಳ ಆಡ್ತಿದೀನಿ. ಆಮೇಲೆ ಮಾಡ್ತೀನಿ."

ಫೋನು ಕಟ್ಟಾಯಿತು. ಸೆಕ್ರೆಟರಿ ಗೆದ್ದವರಂತೆ ಸುತ್ತ ನೋಡಿದರು. ಯಾರ ಮುಖದಲ್ಲೂ ನಂಬಿಕೆಯ ಗುರುತಿರಲಿಲ್ಲ.

"ಮಗಳು ಜಾಣೆ" ಎಂದರು ಅಜ್ಜಿ, ಯಾರಿಗೂ ಹೇಳದವರ ಹಾಗೆ. "ಲಾಂಡ್ರಿ ಅಂತೆ!"

ಸೆಕ್ರೆಟರಿ ಕುದ್ದು ಹೋದರು. ಕಂಬದ ಮೇಲಿನ ಸಿಟ್ಟಿಗೆ ಈಗ ಮಾನದ ಸಿಟ್ಟೂ ಸೇರಿತು. ಆಂಟೆನಾನ ಕಡೆ ತಿರುಗಿ, "ಈ ನಿಮ್ಮ ಲಾರಿ ನಮ್ಮ ಬೀದಿಗೆ ಬರ್ಲಿಲ್ವೋ, ಕಂಬದ ಜೊತೆ ನಿಮ್ಮನ್ನೂ ಇಳಿಸ್ತೀನಿ" ಎಂದರು.

ಲಾರಿಗೆ ಈ ಬೆದರಿಕೆಯೆಲ್ಲ ಕೇಳಿಸುತ್ತದೆಯೇ? ಅದು ತನ್ನ ಪಾಡಿಗೆ ರೈಲು ಹಳಿಯ ಕಡೆ ಬಂತು. ಗೇಟಿರುವ ದೊಡ್ಡ ರಸ್ತೆ ಬಿಟ್ಟು, ಜನ ದಾಟುವ ಕಾಲುಸೇತುವೆಯ ಬುಡದಲ್ಲಿ ನಿಂತಿತು. ಒಂದು ನಿಮಿಷವಾಯಿತು. ಚಿತ್ರ ಜಿಗಿದು ಸೇತುವೆಯ ನಡುಮಧ್ಯಕ್ಕೆ ಬಂತು.

ಎಲ್ಲರೂ ಪರದೆಗೆ ಇನ್ನಷ್ಟು ಬಾಗಿದರು.

"ಮೆಟ್ಟಿಲು ಹತ್ತಿದೆ" ಎಂದ ಏಜೆಂಟ್, ಪಿಸುದನಿಯಲ್ಲಿ. "ನೀರು ತುಂಬಿದ ಟ್ಯಾಂಕರ್ ಮೆಟ್ಟಿಲು ಹತ್ತಿದೆ."

"ಏನು ಡ್ರೈವರಪ್ಪಾ ಅವನು!" ಅಜ್ಜಿ ಕೈಮುಗಿಯುವುದೊಂದು ಬಾಕಿ. ಇಷ್ಟು ಹೊತ್ತು ಕಳ್ಳ ಎಂದು ಬೈಯುತ್ತಿದ್ದವರಿಗೆಲ್ಲ ಈಗ ಅವನ ಮೇಲೆ ಒಂಥರಾ ಭಕ್ತಿಯೇ ಬಂದುಬಿಟ್ಟಿತ್ತು.

ಸೇತುವೆ ಇಳಿದ ಲಾರಿ ನೆಟ್ಟಗೆ ಬಂದು ಅವರ ಬೀದಿಯ ತಿರುವಿನಲ್ಲಿ ನಿಂತಿತು. ಕೂಗೆದ್ದಿತು. "ಬಂತು, ತಿರುವಿಗೆ ಬಂತು!" ಆದರೆ ನಿಮಿಷಗಳು ಉರುಳಿದರೂ ಚಿತ್ರ ಕದಲಲಿಲ್ಲ. ಅಷ್ಟರಲ್ಲಿ ಕೆಳಗಿನ ತೊಟ್ಟಿ ಖಾಲಿಯಾಗಿ ಎಲ್ಲರ ನಲ್ಲಿಗಳೂ ಗೊರಗೊರ ಎನ್ನತೊಡಗಿದ್ದವು. ತಾರಸಿಯ ಮೇಲಿನ ಸಣ್ಣ ತೊಟ್ಟಿಯಲ್ಲಿ ಆಪತ್ತಿಗೆಂದು ಒಂದಿಷ್ಟು ನೀರು ಇತ್ತು. ಅದರ ವಾಲ್ವಿಗೆ ಸೆಕ್ರೆಟರಿ ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದು ಆಂಟೆನಾ ಎದ್ದ. ನಿಜ ಹೇಳಬೇಕೆಂದರೆ ಅವನಿಗೆ ನೀರಿಗಿಂತ ಹೆಚ್ಚಾಗಿ ಆ ಪಾರ್ಕು ಮತ್ತು ಸೇತುವೆಯ ರಹಸ್ಯ ಬೇಕಾಗಿತ್ತು. ಅವಸರದಲ್ಲಿ ಫೋನನ್ನು ಮೇಜಿನ ಮೇಲೇ ಬಿಟ್ಟು ಓಡಿದ.

ತಿರುವಿನಲ್ಲಿ ಲಾರಿಯೂ ಇರಲಿಲ್ಲ, ಲಾರಿಯ ಚಕ್ರದ ಗುರುತೂ ಇರಲಿಲ್ಲ. ಇದ್ದದ್ದು ಲಾಂಡ್ರಿ ಅಂಗಡಿ. ಅದರ ಮುಂದೆ ಲಾಂಡ್ರಿಯವನು ಸೈಕಲ್ಲಿನಿಂದ ಖಾಲಿ ಚೀಲಗಳನ್ನು ಇಳಿಸುತ್ತಿದ್ದ. ಆಂಟೆನಾನನ್ನು ನೋಡಿದ್ದೇ ತಡ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಬುಟ್ಟಿಯಿಂದ, ಇಸ್ತ್ರಿ ಮಾಡಿದ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಹುಷಾರಾಗಿ ಹೊರತೆಗೆದ. ಬಾಲವಿದ್ದ ಪೆಟ್ಟಿಗೆ!

"ನಿಮ್ಮ ಹತ್ರಾನೇ ಬರ್ತಿದ್ದೆ ಸಾರ್. ಟ್ಯಾಂಕರಿಂದು ಗೇರ್‌ಬಾಕ್ಸ್ ಹೋಯ್ತಂತೆ, ಹಳಿ ಆಚೆ ಗ್ಯಾರೇಜಲ್ಲಿ ಮಲಗಿಬಿಟ್ಟಿದೆ. ನಾನು ಆ ಕಡೆ ಬಟ್ಟೆ ಕೊಡೋಕೆ ಹೋಗಿದ್ನಲ್ಲ, ಡ್ರೈವರು ಇದನ್ನ ನನ್ನ ಕೈಲಿ ಕೊಟ್ಟ. ಮಾತು ಕೊಟ್ಟಿದೀನಿ, ಸಾಯಂಕಾಲದೊಳಗೆ ಮುಟ್ಟಿಸಬೇಕು ಅಂದ. ಪಾರ್ಕಿನ ಒಳದಾರಿ ಹಿಡಿದು, ಮನೆ ಮನೆಗೆ ಬಟ್ಟೆ ಹಂಚಿ, ಸೈಕಲ್ ಹೆಗಲ ಮೇಲೆ ಹೊತ್ಕೊಂಡು ಸೇತುವೆ ಹತ್ತಿ ಇಳಿದು ಬರೋ ಹೊತ್ತಿಗೆ ಇಷ್ಟಾಯ್ತು. ಇವತ್ತು ನೀರು ಬರಲ್ಲ, ಬೇರೆ ಟ್ಯಾಂಕರ್ ನೋಡ್ಕೊಳ್ಳಿ ಅಂತ ಹೇಳೋಕೆ ಹೇಳಿದಾನೆ. ಅವನ ಫೋನಲ್ಲಿ ಚಾರ್ಜ್ ಇರಲಿಲ್ವಂತೆ, ಮೆಕ್ಯಾನಿಕ್ ಫೋನಿಂದ ನಿಮ್ಮ ಸೆಕ್ರೆಟರಿಗೆ ಮೂರು ಸಲ ಮಾಡಿದ್ನಂತೆ. ಕಟ್ ಮಾಡಿದ್ರಂತೆ."

ಬೇರೆ ಯಾರಾದರೂ ಆಗಿದ್ದರೆ ಈ ಮಾತು ಕೇಳಿ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಆಂಟೆನಾ ಹಿಗ್ಗಿನಿಂದ ಕುಣಿದಾಡಿದ. ಪಾರ್ಕು ನಿಜ! ಮನೆಗಳು ನಿಜ! ಕಾಲುಸೇತುವೆ ನಿಜ! ಎಲ್ಲೂ ಒಂದು ಗೇಣಿನಷ್ಟೂ ವ್ಯತ್ಯಾಸವಿಲ್ಲ. ಕಂಬ ಬೆಳಗಿನಿಂದ ಬರೀ ಸತ್ಯವನ್ನೇ ಹೇಳಿತ್ತು, ತಾನೇ ಪಾಪಿ, ಅದನ್ನು ಅನುಮಾನಿಸಿದ್ದ. ನೀರಿನ ವಿಷಯ ಅವನ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿಯೇಬಿಟ್ಟಿತ್ತು.

ಪೆಟ್ಟಿಗೆಯ ಗುಂಡಿಯನ್ನು ಆಫ್ ಮಾಡಲು ಕೈ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಅಲ್ಲಿ ಅಷ್ಟು ಜನ ನೋಡುತ್ತಿದ್ದಾರೆ. ನಡೆದುಕೊಂಡು ಹೋಗುವ ಮನುಷ್ಯನ ಒಂದೊಂದು ಹೆಜ್ಜೆಯನ್ನೂ ಈ ಯಂತ್ರ ಹೇಗೆ ಹಿಂಬಾಲಿಸುತ್ತದೆ ಎಂಬುದನ್ನು ಅವರೂ ಕಣ್ಣಾರೆ ಕಾಣಲಿ. ಸಂಕೇತ ಸ್ಪಷ್ಟವಾಗಿ ಮುಟ್ಟಲೆಂದು ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಮದುವಣಿಗನಂತೆ ನಿಧಾನವಾಗಿ ಬೀದಿಯ ನಡುವೆ ನಡೆಯತೊಡಗಿದ. ಮ್ಯಾಪಿನ ಮೇಲಿರುವುದು ಕೆಂಪು ಲಾರಿಯ ಚಿತ್ರ ಎಂಬ ಒಂದೇ ಒಂದು ಸಂಗತಿ ಅವನಿಗೆ ಮರೆತುಹೋಗಿತ್ತು.

ತಾರಸಿಯಲ್ಲಿ ಆಕಾಶವೇ ಬಿರಿಯುವಂಥ ಕೂಗೆದ್ದಿತು.

"ಟ್ಯಾಂಕರ್ ತಿರುಗಿತು! ಬೀದಿಗೆ ಬಂತು!"

"ಭಲೇ ಆಂಟೆನಾ! ಹಿಡಿದು ತಂದನಲ್ಲ!"

"ಗೇಟ್ ತೆಗೀರಿ! ಸ್ಕೂಟರೆಲ್ಲ ಪಕ್ಕಕ್ಕೆ ಇಡಿ!"

ಸೆಕ್ರೆಟರಿಗೆ ಕೂಡ ಸಂತೋಷ ತಡೆಯಲಾಗಲಿಲ್ಲ. ಲಾರಿಯೇ ಬಂದಮೇಲೆ ಈ ಹಳೆ ನೀರನ್ನು ಇಟ್ಟುಕೊಂಡು ಪೂಜೆ ಮಾಡುವುದೇ? ಸೊಂಟದಿಂದ ಕೀಲಿಕೈ ಎಳೆದು, ಬೀಗ ತೆಗೆದು, ವಾಲ್ವನ್ನು ಪೂರ್ತಿ ತಿರುಗಿಸಿದರು. ಕಟ್ಟಡದ ಎಲ್ಲ ನಲ್ಲಿಗಳೂ ಒಮ್ಮೆಲೇ ಭೋರೆಂದವು. ಮಧ್ಯಾಹ್ನದಿಂದ ಕಾದಿದ್ದ ಪಾತ್ರೆಗಳೆಲ್ಲ ತೊಳೆಯಲ್ಪಟ್ಟವು. ಅಜ್ಜಿ ಹೋಗಿ ಎರಡು ಬಕೆಟ್ ಬಟ್ಟೆ ನೆನೆಹಾಕಿದರು. ಏಜೆಂಟ್ ತಲೆಗೆ ಸೋಪು ಹಚ್ಚಿಕೊಂಡ. ಉಳಿದವರು ಪೈಪು ಹಿಡಿದು, ಗೇಟನ್ನು ಎರಡೂ ಕಡೆ ಅಗಲವಾಗಿ ತೆರೆದು, ಸಾಲಾಗಿ ನಿಂತರು.

ಆ ಅಗಲವಾದ ಗೇಟಿನ ನಟ್ಟನಡುವೆ, ತಲೆಯ ಮೇಲೆ ಸೋಪಿನ ಡಬ್ಬಿ ಹಿಡಿದುಕೊಂಡು, ಬಾಯಿತುಂಬ ನಗುತ್ತ, ಆಂಟೆನಾ ಒಬ್ಬನೇ ಒಳಗೆ ಬಂದ.

"ನೋಡಿದ್ರಾ?" ಎಂದ. "ಹೆಜ್ಜೆ ಹೆಜ್ಜೆಗೂ ತೋರಿಸ್ತಲ್ವಾ?"

ಎಲ್ಲರೂ ಅವನ ಬೆನ್ನ ಹಿಂದೆ ನೋಡುತ್ತಿದ್ದರು. ಬೀದಿ ಕೊನೆಯವರೆಗೂ ಖಾಲಿಯಿತ್ತು. ಅವನೂ ಹಿಂದಕ್ಕೆ ತಿರುಗಿ ನೋಡಿದ. ಅಗಲವಾಗಿ ತೆರೆದ ಗೇಟನ್ನು ನೋಡಿದ, ಪೈಪು ಹಿಡಿದವರನ್ನು ನೋಡಿದ, ಮೇಲಿಂದ ತಪತಪ ಸೋರಿ ನಿಂತುಹೋಗುತ್ತಿದ್ದ ನಲ್ಲಿಯ ಸದ್ದು ಕೇಳಿದ. ಆಗ ಅವನಿಗೆ ಲಾರಿಯ ಚಿತ್ರ ನೆನಪಾಯಿತು.

"ಟ್ಯಾಂಕರ್ ಎಲ್ರೀ?" ಎಂದರು ಸೆಕ್ರೆಟರಿ.

"ಗ್ಯಾರೇಜಲ್ಲಿದೆ ಸಾರ್" ಎಂದು ಆಂಟೆನಾ ನಾಲಿಗೆ ಕಚ್ಚಿಕೊಂಡ. "ನೀವು ನೋಡಿದ್ದು... ಲಾಂಡ್ರಿಯವನನ್ನು. ಈಗ ಕೊನೇಲಿ, ನನ್ನನ್ನು."

ಸೆಕ್ರೆಟರಿಗೆ ಮೊದಲು ತಮ್ಮ ಮಗಳು ನಿಜ ಹೇಳಿದ್ದಳೆಂಬ ಸಮಾಧಾನವಾಯಿತು. ಆಮೇಲೆ ತಾರಸಿಯ ತೊಟ್ಟಿ ನೆನಪಾಗಿ ಅವರು ಸ್ಪ್ಯಾನರ್ ತರಲು ಹೋದರು. ಅಷ್ಟರಲ್ಲಿ ಮೇಲಿನಿಂದ ಏಜೆಂಟ್ ಸೋಪಿನ ತಲೆಯಲ್ಲೇ, ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಇಳಿದು ಬಂದು, "ನೀರು ನಿಂತುಹೋಯ್ತು, ಟ್ಯಾಂಕರ್ ಬಂತಾ?" ಎಂದು ಕೇಳಿದ.

ಮೆರವಣಿಗೆ ತಾರಸಿ ಹತ್ತಿತು. ಸೆಕ್ರೆಟರಿ ಕಂಬದ ಮೊದಲನೇ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಆಂಟೆನಾ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಹೊತ್ತಿಗೆ ಇಡೀ ಕಟ್ಟಡದಲ್ಲಿ ಉಳಿದದ್ದು ಅಷ್ಟೇ ನೀರು.

"ಕಂಬದ್ದು ತಪ್ಪಿಲ್ಲ ಸಾರ್! ಅದು ಒಂದು ಮಾತೂ ಸುಳ್ಳು ಹೇಳಿಲ್ಲ. ತಪ್ಪೆಲ್ಲ ನಂದು! ಲೈಸೆನ್ಸ್ ಇರೋನು ನಾನು. ಪೆಟ್ಟಿಗೇನ ಹಾಗೆ ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಬಾರದು, ಅದರ ಜೊತೆ ನಾನೇ ಇರಬೇಕು, ಕಾನೂನೇ ಹಾಗಿದೆ. ನಾನು ಟ್ಯಾಂಕರಲ್ಲಿ ಕೂತಿದ್ದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ!"

ಸ್ಪ್ಯಾನರ್ ನಿಂತಿತು. ಕಾನೂನು ಎಂಬ ಮಾತು ಕಿವಿಗೆ ಬಿದ್ದರೆ ಸೆಕ್ರೆಟರಿಯ ಕೈ ತಾನಾಗಿಯೇ ನಿಲ್ಲುತ್ತಿತ್ತು. ಅವರು ಆಂಟೆನಾನ ಕಡೆ ತಿರುಗಿದರು.

"ಅಂದ್ರೆ, ನೀವು ಟ್ಯಾಂಕರಲ್ಲಿ ಕೂತ್ರೆ ಟ್ಯಾಂಕರ್ ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುತ್ತೆ."

"ಖಂಡಿತ ಸಾರ್."

"ಡ್ರೈವರ್ ಎಲ್ಲೂ ನಿಲ್ಲಿಸೋ ಹಾಗಿಲ್ಲ."

"ಸಾಧ್ಯವೇ ಇಲ್ಲ ಸಾರ್."

"ಗೇರ್‌ಬಾಕ್ಸ್ ಹೋದ್ರೆ ಆ ಕ್ಷಣಾನೇ ಬೇರೆ ಟ್ಯಾಂಕರ್ ಹಿಡ್ಕೊಂಡು ಬರಬಹುದು."

"ಬರಬಹು..." ಆಂಟೆನಾನ ದನಿ ಅಲ್ಲಿಗೆ ಇಳಿಯಿತು.

"ಆಯ್ತು" ಎಂದರು ಸೆಕ್ರೆಟರಿ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಒಂದು ಒಳ್ಳೆಯ ತೀರ್ಪು ಸಿಕ್ಕಿತ್ತು. "ಕಂಬ ಇರಲಿ. ಇವತ್ತಿಂದ ಟ್ಯಾಂಕರ್ ಜೊತೆ ನೀವು. ಬೆಳಿಗ್ಗೆ ಅಂಗಡಿಗೆ ಹೋಗೋಕೆ ಮುಂಚೆ ಒಂದು ಸಲ, ಸಂಜೆ ಬಂದ್ಮೇಲೆ ಒಂದು ಸಲ."

"ಆ ಹೊತ್ತಲ್ಲಿ ನಾನು ರೇಡಿಯೋ..."

"ಅದರ ಚಿಂತೆ ನಿಮಗೆ ಬೇಡ. ಮ್ಯಾಪ್ ನಾವು ನೋಡ್ಕೋತೀವಿ."

"ನಾನು ಬೆಳಿಗ್ಗೆ ನೋಡ್ತೀನಿ!" ಎಂದರು ಅಜ್ಜಿ ತಟ್ಟನೆ. "ಸಂಜೆ ನಾನು" ಎಂದ ಏಜೆಂಟ್, 'ಸೋಪು ಒಣಗಿ ತಲೆಯೆಲ್ಲ ಬಿರುಸಾಯ್ತು' ಎಂದು ಕೆರೆದುಕೊಳ್ಳುತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಂಟೆನಾ ತಬ್ಬಿಕೊಂಡ ಕಂಬವನ್ನು ಬಿಟ್ಟ. ಕಂಬ ಉಳಿಯಿತು.

ಅರ್ಧ ಗಂಟೆಯಲ್ಲಿ ಅವನು ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಂಡು, ಊರಾಚೆಯ ನೀರು ತುಂಬುವ ಜಾಗಕ್ಕೆ ಬೇರೆ ಟ್ಯಾಂಕರು ಹುಡುಕಲು ಹೊರಟಿದ್ದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ದಾರಿಯಲ್ಲಿ ಒಂದು ಸಣ್ಣ ಹೋಟೆಲ್ಲು ಕಂಡಿತು. ಒಳಗೆ ಹೋಗಿ ಕೂತು, ಕಾಫಿಗೆ ಹೇಳಿ, ಬಂದ ಲೋಟವನ್ನು ತುಟಿಗೆ ತಾಗಿಸಿದ್ದೇ ತಡ, ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಯಾಕೆ ನಿಂತಿದೀರಾ?"

"ನಿನಗೆ ಹೇಗೆ ಗೊತ್ತು?"

"ನಾನು ನಿಮ್ಮ ಕೋಣೇಲೇ ಇದ್ದೀನಿ! ಎಷ್ಟು ಚೆನ್ನಾಗಿದೆ ರೀ ಇದು! ಮುಂಚೇನೇ ಯಾಕೆ ತೋರಿಸ್ಲಿಲ್ಲ?"

ಎಷ್ಟು ವರ್ಷದಿಂದ ಅವನು ಈ ಮಾತಿಗಾಗಿ ಕಾದಿದ್ದ! ಒಂದು ಗಳಿಗೆ ಇಡೀ ದಿನದ ಅವಮಾನವೆಲ್ಲ ಕರಗಿಹೋಯಿತು. "ನಿಜವಾಗ್ಲೂ ಚೆನ್ನಾಗಿದೆಯಾ?" ಎಂದ.

"ಮತ್ತೆ? ಅಲ್ಲಿ ಹೋಟೆಲ್ ಇದೆ ಅಂತ ಏಜೆಂಟ್ ಅಂಕಲ್ ಹೇಳಿದ್ರು. ನೀರು ಮೊದಲು, ಕಾಫಿ ಆಮೇಲೆ. ಏಳಿ."

ಅವನ ಹೆಬ್ಬೆರಳು ಜೇಬಿನಲ್ಲಿದ್ದ ಪೆಟ್ಟಿಗೆಯ ಗುಂಡಿಯನ್ನು ತಾನಾಗಿ ಮುಟ್ಟಿತು. ಫೋನಿನಲ್ಲಿ ದೂರದಿಂದ ಸೆಕ್ರೆಟರಿಯ ದನಿ ಕೇಳಿತು: "ಆಫ್ ಮಾಡೋ ಯೋಚನೆ ಇದ್ರೆ, ಸ್ಪ್ಯಾನರ್ ಇನ್ನೂ ಇಲ್ಲೇ ಇದೆ ಅಂತ ಹೇಳಮ್ಮಾ."

ಹೆಬ್ಬೆರಳು ಹಿಂದೆ ಬಂತು.

"ಆಮೇಲೆ ರೀ, ನಿಮಗೆ ಬೇಜಾರಿಲ್ಲ ತಾನೇ? ಆ ಲಾರಿ ಚಿತ್ರ ನೋಡಿದ್ರೆ ಎಲ್ಲರಿಗೂ ಸಿಟ್ಟು ಬರ್ತಿತ್ತು, ಅದಕ್ಕೇ ಬದಲಾಯಿಸಿದ್ವಿ. ನಡೆಯೋ ಮನುಷ್ಯಂದು ಇತ್ತು, ಆದ್ರೆ ಅದು ಕಡ್ಡಿ ಕಡ್ಡಿ, ಅಜ್ಜಿಗೆ ಕಣ್ಣಿಗೆ ಕಾಣಲ್ಲ. ನಾಯಿ ಹಾಕಿದೀವಿ."

ಆಂಟೆನಾ ಕಾಫಿಯ ಲೋಟವನ್ನು ನೋಡಿದ. ಹಾಗೇ ಮೇಜಿನ ಮೇಲಿಟ್ಟ. ಹೋಟೆಲ್ಲಿನಿಂದ ಇಳಿದು ರಸ್ತೆಗೆ ಬಂದು, ಬಿರಬಿರನೆ ನಡೆಯತೊಡಗಿದ. ಫೋನು ಇನ್ನೂ ಕಿವಿಗಿತ್ತು. ಮೂಲೆಯ ಅಂಗಡಿ ದಾಟುವ ಹೊತ್ತಿಗೆ ಅತ್ತಲಿಂದ ಕುರ್ಚಿಗಳನ್ನು ಎಳೆದಾಡಿದ ಸದ್ದಾಯಿತು, ಅಜ್ಜಿಯ ನಗು ಕೇಳಿತು, ಆಮೇಲೆ ಹೆಂಡತಿ ಆನಂದದಿಂದ ಕೂಗಿದಳು:

"ಹೊರಟಿತು, ಹೊರಟಿತು!"